ಮಾಳಿಗೆಯ ಮೇಲಿನ ಗಾಳಿಯಂತ್ರ

ಗೃಹಸ್ಥರು ಗಾಳಿಯನ್ನು ನೆನೆಯುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ: ಕಣದಲ್ಲಿ ರಾಶಿ ತೂರುವಾಗ ಒಮ್ಮೆ, ಮಾಡಿನ ತಗಡು ಹಾರಿಹೋದಾಗ ಇನ್ನೊಮ್ಮೆ. ನಾವು ಮೂರನೆಯದೊಂದು ಕಾರಣದಿಂದ ಅದನ್ನು ನೆನೆಯತೊಡಗಿದೆವು. ಗದಗಿನಿಂದ ಮುಂಡರಗಿಯ ಕಡೆಗೆ ಹೋಗುವಾಗಲೆಲ್ಲ ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಬೃಹದ್ಯಂತ್ರಗಳು ಕಣ್ಣಿಗೆ ಬೀಳುತ್ತಿದ್ದವು. ಅದೇ ಗಾಳಿ ನಮ್ಮ ಮಾಳಿಗೆಯ ಮೇಲೆಯೂ ಬೀಸುತ್ತಿರಲು, ತಿಂಗಳು ತಿಂಗಳು ಕರೆಂಟಿನ ಬಿಲ್ಲನ್ನು ಏಕೆ ಕಟ್ಟಬೇಕೆಂಬ ಯೋಚನೆ ತಲೆಯನ್ನು ಹೊಕ್ಕಿತು; ಹೊಕ್ಕದ್ದು ಹೊರಗೆ ಹೋಗಲಿಲ್ಲ.

ಈ ಆಸೆ ಹೊಸತೇನೂ ಅಲ್ಲ. 1887ರಲ್ಲಿ ಸ್ಕಾಟ್ಲೆಂಡಿನ ಮೇರಿಕಿರ್ಕ್ ಎಂಬ ಹಳ್ಳಿಯಲ್ಲಿ ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕರು ತಮ್ಮ ಬಿಡುವಿನ ಮನೆಯ ತೋಟದಲ್ಲಿ ಬಟ್ಟೆಯ ಪಟಗಳ ಗಾಳಿಯಂತ್ರವೊಂದನ್ನು ನಿಲ್ಲಿಸಿ ದೀಪಗಳನ್ನು ಬೆಳಗಿಸಿದರು. ಉಳಿದ ವಿದ್ಯುತ್ತನ್ನು ಊರ ಬೀದಿಗೆ ಕೊಡುವೆನೆಂದರೆ, ಇದು ಸೈತಾನನ ಕೆಲಸವೆಂದು ಊರವರು ಬೇಡವೆಂದರಂತೆ. ಮರುವರ್ಷ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಬ್ರಷ್ ಎಂಬವರು 56 ಅಡಿ ವ್ಯಾಸದ ಚಕ್ರವನ್ನು ಹಿತ್ತಲಿನಲ್ಲಿ ಎತ್ತಿ, ನೆಲಮಾಳಿಗೆಯಲ್ಲಿ 408 ಬ್ಯಾಟರಿ ಕೋಶಗಳನ್ನು ಜೋಡಿಸಿ, ತಮ್ಮ ಭವನವನ್ನೆಲ್ಲ ಬೆಳಗಿದರು. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ. ಆದರೆ ಬ್ರಷ್ ಮಹಾಶಯರು ಸಿರಿವಂತರು, ಅವರ ಚಕ್ರ 56 ಅಡಿಯದು ಎಂಬ ಎರಡು ಮಾತುಗಳನ್ನು ನಾವು ಓದಿಯೂ ಓದದವರಂತೆ ಮುಂದೆ ಸಾಗಿದೆವು.

ನಮ್ಮ ಮನೆಯವರು ಮಾತ್ರ, “ಮೊದಲ ಇಲ್ಲಿ ಗಾಳಿ ಎಷ್ಟು ಬೀಸ್ತದ ನೋಡ್ರಿ, ಆಮ್ಯಾಲ ಯಂತ್ರ ತರೋಣಂತ” ಎಂದರು. ಅವರು ಅಡುಗೆಮನೆಯ ದುರಸ್ತಿಗೆಂದು ಕೂಡಿಟ್ಟಿದ್ದ ಹಣ ಅದು. ನಾವು ಕೇಳಲಿಲ್ಲ. ಒಂದು ಕಿಲೋವ್ಯಾಟಿನದೆಂದು ಹೇಳಿದ, ಎರಡು ಮೀಟರ್ ವ್ಯಾಸದ ಯಂತ್ರವನ್ನು ತಂದು ಮಾಳಿಗೆಯ ಮೇಲೆ ಹತ್ತಡಿಯ ಕಂಬಕ್ಕೆ ಕೂರಿಸಿದೆವು.

ಆ ಒಂದು ಕಿಲೋವ್ಯಾಟು ಸೆಕೆಂಡಿಗೆ 12 ಮೀಟರ್ ವೇಗದ ಗಾಳಿಗೆ ಮಾತ್ರ ಸಲ್ಲತಕ್ಕದ್ದು. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಸಾರವಾಗಿರುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ 4 ಮೀಟರಿನಂತೆ ಬೀಸುವ ಗಾಳಿ ಮೈಗೆ ಹಿತವಾದದ್ದೇ, ಆದರೆ ನಮ್ಮ ಯಂತ್ರಕ್ಕೆ ಅದರಿಂದ ದೊರೆಯುವುದು 37 ವ್ಯಾಟಿನಷ್ಟು. ಹಗಲಿರುಳೂ ಹಾಗೆಯೇ ಬೀಸಿದರೂ ದಿನಕ್ಕೆ ಒಂದು ಯೂನಿಟ್ಟು ತುಂಬದು. ಈ ಲೆಕ್ಕವನ್ನು ನಾವು ಮಾಡಿದ್ದು ಯಂತ್ರವನ್ನು ಕೂರಿಸಿ ಮೂರು ತಿಂಗಳಾದ ಮೇಲೆ.

ಆಷಾಢ ಬಂದಿತು. ಮೋಡ ಮುಸುಕಿ, ನೆರೆಮನೆಯ ಸೌರಫಲಕಗಳು ಸಪ್ಪಗಾಗಿರುವಾಗ ನಮ್ಮ ಚಕ್ರ ರಾತ್ರಿಯೆಲ್ಲ ತಿರುಗಿತು, ಬ್ಯಾಟರಿ ತುಂಬಿತು, ನಾವು ಹಿಗ್ಗಿದೆವು. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದು ನೋಡಿದರೆ ಅವ್ವ ಅಡುಗೆಮನೆಯ ಬಾಗಿಲ ಬಳಿ ಚಾಪೆ ಹಾಸಿಕೊಂಡು ಕುಳಿತಿದ್ದರು. ಕೇಳಿದ್ದಕ್ಕೆ, “ವಯಸ್ಸಾತು ತಮ್ಮಾ, ನಿದ್ದಿ ಬರೂದಿಲ್ಲ” ಎಂದರು. ನಾವು ಅವರ ಕೋಣೆಗೆ ಹೋಗಿ ಮಂಚದ ಮೇಲೆ ಮಲಗಿದೆವು. ಕಂಬದ ನಡುಕವು ಗೋಡೆಯೊಳಗಿಂದ ಇಳಿದು ಮಂಚದ ಕಾಲುಗಳಲ್ಲಿ ಗುಂಯ್ಗುಟ್ಟುತ್ತಿತ್ತು. ಹದಿನೆಂಟು ರಾತ್ರಿ ಅವರು ಹಾಗೆ ಕಳೆದಿದ್ದರೆಂದು ಮರುದಿನ ಮೊಮ್ಮಗಳಿಂದ ತಿಳಿಯಿತು. ಮಗನ ಯಂತ್ರಕ್ಕೆ ಹೆಸರು ಬರಬಾರದೆಂದು ಅವರು ಬಾಯಿ ಬಿಟ್ಟಿರಲಿಲ್ಲ. ಅಂದೇ ಚಕ್ರವನ್ನು ಕಟ್ಟಿಹಾಕಿದೆವು.

ಅದೇ ಮಾಳಿಗೆಯ ಮೇಲೆ ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ಮನೆಗಳ ಎತ್ತರದಲ್ಲಿ ಪಟ ಹೊರಳಾಡಿ ತಲೆಕೆಳಗಾಗುತ್ತಿತ್ತು. ಸೂತ್ರವನ್ನು ಇನ್ನಷ್ಟು ಬಿಟ್ಟು ಮೇಲೇರಿಸಿದರೆ ಕದಲದೆ ನಿಲ್ಲುತ್ತಿತ್ತು. ಮನೆ, ಮರಗಳಿಗೆ ತಾಗಿದ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಅದು ಚಕ್ರವನ್ನು ಅಲುಗಿಸುವುದೇ ಹೊರತು ದುಡಿಸುವುದಿಲ್ಲ. ಸುತ್ತ 300 ಅಡಿಯೊಳಗಿನ ಎಲ್ಲ ಅಡ್ಡಿಗಳಿಗಿಂತಲೂ ಚಕ್ರ 30 ಅಡಿ ಮೇಲಿರಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ. ಊರೊಳಗಿನ ಮನೆಯ ಮೇಲೆ ಅಂಥ ಕಂಬವನ್ನು ಯಾರು ನಿಲ್ಲಿಸಲಾದೀತು?

ಯಂತ್ರ ಈಗ ನಮ್ಮ ಹೊಲದಲ್ಲಿದೆ. ತಂತಿಗಳಿಂದ ಬಿಗಿದ 60 ಅಡಿಯ ಕಂಬಕ್ಕೆ ಯಂತ್ರದ ಬೆಲೆಗಿಂತ ಹೆಚ್ಚು ತಗುಲಿತು. ವರ್ಷಕ್ಕೊಮ್ಮೆ ಅದನ್ನು ಇಳಿಸಿ ಬೋಲ್ಟುಗಳನ್ನು ಬಿಗಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ತೋಟದ ಮನೆಗೂ ದನದ ಕೊಟ್ಟಿಗೆಗೂ ದೀಪ ಕೊಟ್ಟು, ಮೊಬೈಲುಗಳನ್ನು ತುಂಬಿಸಿ, ಇನ್ನೂ ಉಳಿಸುತ್ತದೆ. ಸುಗ್ಗಿಯ ಹೊತ್ತಿಗೆ ಗಾಳಿ ಬಿದ್ದಾಗ ಸುಮ್ಮನೆ ನಿಂತಿರುತ್ತದೆ. ಆಗ ಪಕ್ಕದಲ್ಲಿಟ್ಟ ಒಂದು ಸೌರಫಲಕವೇ ಗತಿ. ಹೊಲಕ್ಕೆ ತಂತಿ ಎಳೆಸುವ ಖರ್ಚನ್ನು ಉಳಿಸಿತೆಂಬ ಸಮಾಧಾನವನ್ನು ನಾವು ಹೇಳಿಕೊಳ್ಳುತ್ತೇವೆ. ನಮ್ಮ ಮನೆಯವರು ಲೆಕ್ಕದ ಪುಸ್ತಕವನ್ನು ತೆರೆದಾಗ ಹೇಳಿಕೊಳ್ಳುವುದಿಲ್ಲ.

ಅವ್ವ ತಮ್ಮ ಕೋಣೆಗೆ ಮರಳಿದ್ದಾರೆ. ಅಡುಗೆಮನೆಯ ದುರಸ್ತಿಯನ್ನು ಈ ದೀಪಾವಳಿಗೆ ಹಿಡಿಯಬೇಕೆಂದಿದ್ದೇವೆ.