ಫೋಟೊದ ಹಿಂಬದಿ

ಖಾರಘರದಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಪಾಂಡವಕಡಾ ಜಲಪಾತ ಗುಡ್ಡದಿಂದ ಧುಮುಕುವ ಆ ದಿನಗಳಲ್ಲಿ ಮನೆಯೊಳಗಿನ ಕಪಾಟೂ ತೇವ ಹೀರುತ್ತದೆ. ಅಂಥದೊಂದು ಮಳೆಗಾಲದಲ್ಲಿ ಮಗಳು ಅಮ್ಮನ ಆಲ್ಬಮ್ ತೆಗೆದಳು. ಅಂಟುಹಾಳೆಯ ಆಲ್ಬಮ್ ಅದು. ಪ್ಲಾಸ್ಟಿಕ್ ಎಳೆದರೆ ಚಿತ್ರದ ಮೇಲ್ಪದರವೂ ಜೊತೆಗೇ ಬರುತ್ತಿತ್ತು. ಕಾರ್ಕಳದ ತವರಿನಿಂದ ಬಂದ 300ಕ್ಕೂ ಹೆಚ್ಚು ಫೋಟೊಗಳು. ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಕೆಲವೇ ತಿಂಗಳಾಗಿದ್ದವು, ಕೈಯಲ್ಲಿ ಸಮಯವಿತ್ತು. ಹಾಳಾಗುವ ಮೊದಲು ಸ್ಕ್ಯಾನ್ ಮಾಡಿಬಿಡುವುದೆಂದು ಕೂತಳು.

ಹದಿನೈದು ದಿನಗಳಲ್ಲಿ ಮುಗಿಯಿತು. ಆದರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಅಜ್ಜನ ಮನೆಯ ಅಂಗಳ, ಅಮ್ಮನ ಮದುವೆ, ತನ್ನದೇ ನಾಮಕರಣ, ಎಲ್ಲವೂ ಈ ಜುಲೈ ತಿಂಗಳಲ್ಲೇ ನಡೆದಂತೆ ಸಾಲಾಗಿ ನಿಂತಿದ್ದವು.

ಡಿಜಿಟಲ್ ಕ್ಯಾಮೆರಾ ಚಿತ್ರದ ಜೊತೆಗೆ ತಾರೀಖು, ಗಂಟೆ, ಅನುಮತಿ ಇದ್ದರೆ ಜಾಗದ ಗುರುತನ್ನೂ ಫೈಲಿನೊಳಗೆ ತಾನೇ ಬರೆದಿಡುತ್ತದೆ. ಎಕ್ಸಿಫ್ ಎಂಬ ಈ ಪದ್ಧತಿ 1995ರಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಸ್ಕ್ಯಾನರಿಗೆ ಗೊತ್ತಿರುವುದು ತಾನು ಕೆಲಸ ಮಾಡಿದ ದಿನ ಮಾತ್ರ. ಉಳಿದದ್ದನ್ನು ಮನುಷ್ಯರೇ ತುಂಬಬೇಕು. ಅದಕ್ಕೂ ಫೈಲಿನಲ್ಲಿ ಜಾಗವಿದೆ. ಸುದ್ದಿಸಂಸ್ಥೆಗಳಿಗಾಗಿ ಹುಟ್ಟಿದ ಐಪಿಟಿಸಿ ಖಾನೆಗಳಲ್ಲಿ ಶೀರ್ಷಿಕೆ, ವಿವರಣೆ, ಕೀವರ್ಡ್, ಊರು ಬರೆಯಬಹುದು. ಹಳೆಯ ಐಪಿಟಿಸಿಯಲ್ಲಿ ಒಂದು ಕೀವರ್ಡಿಗೆ 64 ಬೈಟುಗಳ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಅದರ ಮೇಲಿನ ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟು ಬೇಕು. 21 ಚಿಹ್ನೆಗಳಿಗೆ ಖಾನೆ ತುಂಬಿಹೋಗುತ್ತದೆ. 2001ರಲ್ಲಿ ಅಡೋಬಿ ತಂದ ಎಕ್ಸ್‌ಎಂಪಿಗೆ ಆ ತೊಡಕಿಲ್ಲ. ಮಗಳು ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಬೆಳಗಿನ ಕಾಫಿಯ ನಂತರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯತೊಡಗಿದಳು. ಅಮ್ಮನಿಗೆ 82. ನಿನ್ನೆ ಬಂದವರು ಯಾರೆಂಬುದು ಮರೆತರೂ 1960ರ ದಶಕ ಇನ್ನೂ ಕೈಗೆ ಸಿಗುತ್ತಿತ್ತು.

ಮೊದಲ ಎಡವಟ್ಟು ತಾರೀಖಿನದು. ಮದುವೆಯ ವರ್ಷ 1963 ಎಂದು ಅಮ್ಮ ಹೇಳಿದರು, ದಿನ ನೆನಪಿಲ್ಲ. ತಾರೀಖಿನ ಖಾನೆ ದಿನ, ತಿಂಗಳು ಎರಡನ್ನೂ ಕೇಳಿತು. 1963ರ ಜನವರಿ 1 ಎಂದು ತುಂಬಿದಳು. ವಾರ ಕಳೆಯುವುದರೊಳಗೆ ಮೊಮ್ಮಗ, "ಅಜ್ಜಿಯ ಮದುವೆ ಹೊಸ ವರ್ಷದ ದಿನವಾ?" ಎಂದು ಕೇಳಿದ. ಅಂದಿನಿಂದ ಅಂಥ ಪ್ರತಿ ಫೋಟೊದ ವಿವರಣೆಯಲ್ಲೂ ಒಂದು ಸಾಲು ಸೇರಿತು: ವರ್ಷ ಮಾತ್ರ ಗೊತ್ತು, ದಿನ ಕಂಪ್ಯೂಟರಿಗಾಗಿ ಹಾಕಿದ್ದು.

ಎರಡನೆಯದು ಸಂಬಂಧದ ಹೆಸರುಗಳದು. ಮಗಳು 'ಚಿಕ್ಕಮ್ಮ' ಎಂದು ಬರೆದವಳು ಅಮ್ಮನಿಗೆ ತಂಗಿ, ಮೊಮ್ಮಗನಿಗೆ ಅಜ್ಜಿ. ಬರೆದವರು ಹೋದ ಮೇಲೆ 'ಚಿಕ್ಕಮ್ಮ' ಯಾರ ಚಿಕ್ಕಮ್ಮ? ಪೂರ್ತಿ ಹೆಸರು ಮೊದಲು, ಯಾರ ಮಗಳು ಎಂಬುದು ಆಮೇಲೆ, ಎಂದಾಯಿತು. ಊರುಗಳಿಗೂ ಒಂದು ಪಟ್ಟಿ ಬೇಕಾಯಿತು. ಒಂದು ಕಡೆ ಖಾರಘರ, ಇನ್ನೊಂದು ಕಡೆ ಖಾರ್ಘರ್ ಎಂದು ಬರೆದರೆ ಹುಡುಕುವಾಗ ಅರ್ಧ ಫೋಟೊ ಸಿಗುವುದಿಲ್ಲ. ಕಾರ್ಕಳ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1997ರಿಂದ ಉಡುಪಿಯಲ್ಲಿದೆ, ಎರಡನ್ನೂ ಬರೆದಳು.

ಕೆಲಸ ಬೇಗ ಆಗಲೆಂದು ಮುಖ ಗುರುತಿಸುವ ಸೌಲಭ್ಯ ಚಾಲೂ ಮಾಡಿದ್ದೇ ದೊಡ್ಡ ತಪ್ಪಾಯಿತು. ಎರಡು ಜಡೆಯ ಹುಡುಗಿಯೊಬ್ಬಳನ್ನು ಅದು ಅಮ್ಮನೆಂದು ಸೂಚಿಸಿತು. ಮಗಳು ಹೌದೆಂದು ಒತ್ತಿದಳು. ಅದೇ ಮುಖದ ಒಂಬತ್ತು ಫೋಟೊಗಳು ಅಮ್ಮನ ಹೆಸರಿಗೆ ಹೋದವು. ಮರುದಿನ ಅಮ್ಮ ಪರದೆಯ ಮೇಲೆ ತನ್ನ ಹೆಸರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾನೇ ಇರಬೇಕು ಮಗಾ. ಕಂಪ್ಯೂಟರೇ ಹೇಳ್ತದಲ್ಲ."

ಆ ಮಾತು ಮಗಳಿಗೆ ಸರಿ ಕಾಣಲಿಲ್ಲ. ಆಲ್ಬಮಿನಿಂದ ಆ ಫೋಟೊವನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ ತಿರುವಿದಳು. ಹಿಂಬದಿಯಲ್ಲಿ ಅಜ್ಜನ ಅಕ್ಷರ, ನೀಲಿ ಶಾಯಿ: ಕಿರಿಯ ಮಗಳ ಹೆಸರು, ಎಸ್ಸೆಸ್ಸೆಲ್ಸಿ ಪಾಸು, 1966. ಹುಡುಗಿ ಅದಾದ ಎರಡು ವರ್ಷಕ್ಕೆ ಟೈಫಾಯ್ಡ್‌ನಲ್ಲಿ ತೀರಿಕೊಂಡಿದ್ದಳು. ಮಗಳಿಗೆ ಆಗ ನಾಲ್ಕು ವರ್ಷ, ಅವಳ ಮುಖ ನೆನಪಿಲ್ಲ. ಆ ಹುಡುಗಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದದ್ದು ಅಮ್ಮ ಒಬ್ಬರೇ. ಅವರ ನೆನಪನ್ನೂ ಒಂದು ತಪ್ಪು ಚೀಟಿ ಒರೆಸಲು ಹೊರಟಿತ್ತು.

ಅಮ್ಮ ಆ ಬರಹವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ ಚಿತ್ರದ ಮೇಲೆ ಬೆರಳಿಟ್ಟರು. "ಬೆಂಡೋಲೆ ನನ್ನದು. ಪಟ ತೆಗೆಸಲಿಕ್ಕೆ ಅಂತ ನಾನೇ ಕೊಟ್ಟದ್ದು. ಕಿವಿ ಅವಳದ್ದು."

ಸ್ಕ್ಯಾನ್ ಮಾಡುವಾಗ ಮಗಳು ಮುಂಬದಿಯನ್ನಷ್ಟೇ ತೆಗೆದಿದ್ದಳು. ಕೈಯಲ್ಲಿ ಬರೆದಿಟ್ಟ ವಿವರವೆಲ್ಲ ಹಿಂಬದಿಯಲ್ಲೇ ಉಳಿದಿತ್ತು. ಮತ್ತೆ ಎಲ್ಲ ಫೋಟೊ ಬಿಡಿಸಿದಳು, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಅದೇ ಸಂಖ್ಯೆಯೊಂದಿಗೆ ಇಟ್ಟಳು. ಮುಖ ಗುರುತಿಸುವ ಸೌಲಭ್ಯ ನಿಲ್ಲಿಸಿದಳು. ಅಂದಿನಿಂದ ಅಮ್ಮನಿಗೆ ಹೆಸರಿಲ್ಲದ ಚಿತ್ರವನ್ನೇ ತೋರಿಸುವುದು, ಅವರು ಹೇಳಿದ ಮೇಲೆ ಬರೆಯುವುದು, ಹೇಳಿದವರು ಯಾರು, ಯಾವಾಗ ಎಂದೂ ಸೇರಿಸುವುದು. ಗೊತ್ತಾಗದಿದ್ದರೆ 'ಗುರುತು ಸಿಕ್ಕಿಲ್ಲ' ಎಂದು ಬರೆಯುವುದು. ಖಾಲಿ ಬಿಟ್ಟರೆ ಯಾರೂ ಕೇಳಿಯೇ ಇಲ್ಲವೆಂದು ಮುಂದಿನವರು ತಿಳಿದಾರು.

ಒಂಬತ್ತು ಫೋಟೊಗಳನ್ನು ಮಂಗಳೂರು, ಪುಣೆಯಲ್ಲಿರುವ ಸಂಬಂಧಿಕರಿಗೆ ಮೊಬೈಲಿನಲ್ಲಿ ಕಳಿಸಿದಾಗ ಬರೆದದ್ದೆಲ್ಲ ದಾರಿಯಲ್ಲೇ ಕಳಚಿಹೋಗಿತ್ತು. ಫೋಟೊ ಎಂದು ಕಳಿಸಿದರೆ ಆ್ಯಪ್ ಚಿತ್ರವನ್ನು ಕುಗ್ಗಿಸಿ ಒಳಗಿನ ವಿವರ ತೆಗೆದುಹಾಕುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಮತ್ತೆ ಹಾಗೆ ಕಳಿಸಿದಳು.

ಮಳೆ ನಿಲ್ಲುವ ಹೊತ್ತಿಗೆ ಇನ್ನೂ ನಲವತ್ತು ಉಳಿದಿದ್ದವು. ಬೆಳಗಿನ ಕಾಫಿ ಮುಗಿದ ಕೂಡಲೇ ಈಗ ಅಮ್ಮನೇ ಕನ್ನಡಕ ಹುಡುಕುತ್ತಾರೆ. "ಅವಳ ವಿಷಯ ಹೇಳಿದ್ದು ನಾನು ಅಂತ ಬರೆದಿದ್ದೀಯಲ್ಲ?"

"ಬರೆದಿದ್ದೇನೆ ಅಮ್ಮ."

"ಬೆಂಡೋಲೆಯದ್ದೂ ಬರಿ."