ಕಣಜದ ಕೊಳಗ

ಶ್ರೀಮಠದ ಕಣಜದ ಮೂಲೆಯಲ್ಲಿ ಹಳೆಯ ಕೊಳಗವೊಂದಿದೆ. ಅದನ್ನು ಕಂಡಾಗಲೆಲ್ಲ ನಮಗೆ ಶಾಂತವೇರಿ ಗೋಪಾಲಗೌಡರ ಸ್ಮರಣೆಯಾಗುತ್ತದೆ. ಅವರನ್ನು ಕಾಣುವ ಭಾಗ್ಯ ನಮಗಿರಲಿಲ್ಲ. 1972ರಲ್ಲಿ, ಐವತ್ತು ತುಂಬುವ ಮೊದಲೇ ಅವರು ಕಾಲವಾದರು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗ ಹಿರಿದೆಂದು ದೀವರ ರೈತರು ತಕರಾರೆತ್ತಿದರು. ಎಚ್. ಗಣಪತಿಯಪ್ಪನವರು ಅವರನ್ನು ಒಗ್ಗೂಡಿಸಿದರು. ಸಮಾಜವಾದಿ ತರುಣ ಗೋಪಾಲಗೌಡರು ಆ ಊರಿನ ಅಳಲನ್ನು ನಾಡಿನ ಪ್ರಶ್ನೆಯನ್ನಾಗಿಸಿದರು. 1951ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ ಗೌಡರು ಶಾಸನಸಭೆಯನ್ನು ಪ್ರವೇಶಿಸಿದರು. ಗೇಣಿದಾರನಿಗೆ ಭೂಮಿಯ ಒಡೆತನ ನೀಡಿದ 1974ರ ಭೂಸುಧಾರಣೆಯನ್ನು ನೋಡಲು ಮಾತ್ರ ಅವರಿರಲಿಲ್ಲ.

ಕಾಗೋಡಿನ ಭೂಮಾಲೀಕರು ನಮ್ಮ ಸಮಾಜದವರೇ. ಸದ್ಭಕ್ತರಿಂದ ಇದನ್ನು ಮರೆಮಾಚುವುದು ಉಚಿತವಲ್ಲ. ಕಾಯಕ-ದಾಸೋಹಗಳನ್ನು ಬೋಧಿಸುವ ನಾವು, ಅನ್ಯರ ಕಾಯಕದ ಫಲವನ್ನು ಯಾವ ಅಳತೆಯಿಂದ ಪಡೆದೆವೆಂದು ಕೇಳಿಕೊಂಡದ್ದು ವಿರಳ. ಆ ಪ್ರಶ್ನೆಯನ್ನು ಗೋಪಾಲಗೌಡರು ಕೇಳಿದರು. ನಮ್ಮಲ್ಲಿ ಹಲವರು ಅವರನ್ನು ಸಮಾಜದ ವೈರಿಯೆಂದೇ ಬಗೆದರು.

ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಹಳೆಯ ಗೇಣಿದಾರರ ಮನೆಯ ವೃದ್ಧರೊಬ್ಬರು ಜಾತ್ರೆಗೆ ಬಂದಿದ್ದರು. ಕೊಳಗವನ್ನು ಮುಟ್ಟಿ ನೋಡಿ, “ನಮ್ಮಪ್ಪ ಇದರಲ್ಲೇ ಅಳೆದು ಕೊಡುತ್ತಿದ್ದ, ಬುದ್ಧೀ” ಎಂದರು. ಅಳತೆ ಸರಿಯಾಗಿತ್ತೇ ಎಂದು ಕೇಳಿದೆವು. ಅವರು ಮುಗುಳ್ನಕ್ಕು, ಕೈಮುಗಿದು, ಪ್ರಸಾದದ ಪಂಕ್ತಿಗೆ ನಡೆದರು.