ಹೊಸ ಹಾಳೆ, ಹಳೆಯ ಬಾಕಿ

‘ಟರ್ನ್ ಓವರ್ ಎ ನ್ಯೂ ಲೀಫ್’ ಎಂಬ ನುಡಿಗಟ್ಟೊಂದು ಇಂಗ್ಲಿಷಿನಲ್ಲುಂಟು. ಶಬ್ದಕ್ಕೆ ಶಬ್ದವಿಟ್ಟು ‘ಹೊಸ ಎಲೆಯನ್ನು ಮಗುಚು’ ಎಂದು ಅನುವಾದಿಸಿದರೆ ಕನ್ನಡಿಗನ ಕಣ್ಣೆದುರು ಊಟದ ಬಾಳೆಯೆಲೆಯೇ ಬಂದೀತು! ಇಲ್ಲಿಯ ‘ಲೀಫ್’ ಗಿಡದ ಎಲೆಯಲ್ಲ, ಪುಸ್ತಕದ ಹಾಳೆ. ಹದಿನಾರನೆಯ ಶತಮಾನದಿಂದಲೂ ಆಂಗ್ಲರು ಈ ಮಾತನ್ನು ಬಳಸುತ್ತ ಬಂದಿದ್ದಾರೆ.

ಬೆಂಕಿಗೆ ಆಹುತಿಯಾದ ಅಂಗಡಿಯನ್ನು ಮತ್ತೆ ತೆರೆದವನಿಗೆ ಈ ಮಾತು ಸಲ್ಲದು. ಕುಡಿತವನ್ನು ತೊರೆದು ಸಂಸಾರಕ್ಕೆ ಮರಳಿದವನು, ಸೋಮಾರಿತನ ಬಿಟ್ಟು ಓದಿಗೆ ಕುಳಿತ ವಿದ್ಯಾರ್ಥಿ, ಇಂಥವರು ಹೊಸ ಹಾಳೆಯನ್ನು ತಿರುವಿದವರು. ನಡತೆಯನ್ನು ತಿದ್ದಿಕೊಳ್ಳುವ ಸಂಕಲ್ಪವೇ ಇದರ ಜೀವಾಳ. ನಮ್ಮ ‘ಓನಾಮದಿಂದ ತೊಡಗು’ ಎಂಬ ಮಾತಿನಲ್ಲಿ ಆರಂಭವುಂಟು, ಪಶ್ಚಾತ್ತಾಪವಿಲ್ಲ.

‘ಕ್ಲೀನ್ ಸ್ಲೇಟ್’ ಎಂಬ ಇನ್ನೊಂದು ಮಾತೂ ಅವರಲ್ಲುಂಟು. ಪಾಟಿಯನ್ನು ಒರಸಿದರೆ ಬರೆದದ್ದು ಅಳಿದುಹೋಗುತ್ತದೆ. ಹಾಳೆಯನ್ನು ತಿರುವಿದರೆ ಬರೆದದ್ದು ಅಳಿಯದು. ಹಿಂದಿನ ಪುಟದಲ್ಲಿ ಇದ್ದೇ ಇರುತ್ತದೆ. ದೀಪಾವಳಿಯಂದು ಹೊಸ ಖಾತೆಪುಸ್ತಕಕ್ಕೆ ಪೂಜೆ ಸಲ್ಲಿಸುವ ವರ್ತಕನು ಇದನ್ನು ಬಲ್ಲ. ‘ಶ್ರೀ’ ಬರೆದಾದ ಮೇಲೆ ಹಳೆಯ ಬಾಕಿ ಹೊಸ ಪುಟಕ್ಕೆ ಇಳಿಯಲೇಬೇಕು.

ವ್ಯಕ್ತಿಗಳಂತೆ ಊರುಗಳಿಗೂ ಹಾಳೆ ತಿರುವುವ ದಿನ ಬರುವುದುಂಟು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾಗಿ, ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಆ ಜಿಲ್ಲೆಯದೇ ಆಗಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಔರಾದ ಸೀಮೆಯ ಎಕಂಬಾ ಕನ್ನಡ ನಾಡಿಗೆ ಬಂದಿತು. ಹಿಂದಿನ ರಾತ್ರಿಯವರೆಗೆ ಒಂದೇ ಜಿಲ್ಲೆಯವರಾಗಿದ್ದ ಬೀಗರು ಬೆಳಗಾಗುವಷ್ಟರಲ್ಲಿ ಬೇರೆ ರಾಜ್ಯದವರಾದರು. ಆದರೆ ಭೂಪಟದ ಗೆರೆ ನೆಂಟಸ್ತಿಕೆಯನ್ನು ಅಳಿಸಬಲ್ಲುದೆ? ಗಡಿಯ ಈ ಸೀಮೆಯಲ್ಲಿ ಇಂದಿಗೂ ಕನ್ನಡದೊಡನೆ ಮರಾಠಿ ಕೇಳಿಬರುತ್ತದೆ. ನಿಜಾಮರ ಕಾಲದ ಉರ್ದು ಕಚೇರಿಯ ಪೀಠದಿಂದ ಇಳಿಯಿತು. ಜಮಾ, ಖರ್ಚು, ಬಾಕಿ ಎಂಬ ಮಾತುಗಳು ಮಾತ್ರ ಜನರ ನಾಲಿಗೆಯಿಂದ ಇಳಿಯಲಿಲ್ಲ.

ಹಳೆಯ ಹಾಳೆಯನ್ನು ಹರಿದೆಸೆದವನು ಹೊಸದನ್ನು ತಿರುವಿದಂತಾಗದು. ಕುಡಿತ ಬಿಟ್ಟವನು ಮರುದಿನವೇ ಮನೆಯವರ ಪೂರ್ಣ ವಿಶ್ವಾಸವನ್ನು ಬೇಡಿದರೆ ಅದು ಪಾಟಿ ಒರಸಿದವನ ಲೆಕ್ಕ. ಕಳೆದ ವರ್ಷಗಳಲ್ಲಿ ಹೆಂಡತಿ ಸುರಿಸಿದ ಕಣ್ಣೀರು, ಮಕ್ಕಳು ಪಟ್ಟ ಭಯ ಅವನ ಹೆಸರಿಗಿರುವ ಬಾಕಿ. ಹೊಸ ಪುಟದ ಮೊದಲ ಸಾಲಿನಲ್ಲಿ ಅದನ್ನು ಬರೆದುಕೊಂಡು, ದಿನದಿನವೂ ಇಷ್ಟಿಷ್ಟಾಗಿ ತೀರಿಸಹೊರಟವನದೇ ನಿಜವಾದ ಆರಂಭ.